ಕಿವಿಯಲ್ಲಿ ಜಿರ್ರ್, ಕೈಯಲ್ಲಿ ಜುಮ್: ನನ್ನ ಸೌಂಡ್ ಕಾರ್ಡ್ ಪುರಾಣ

ಮೌಸ್ ಅಲುಗಾಡಿಸಿದರೆ ಎಡಗಿವಿಯಲ್ಲಿ 'ಜಿರ್ರ್' ಅನ್ನುತ್ತಿತ್ತು. ಕೈ ನಿಲ್ಲಿಸಿದರೆ ಸದ್ದೂ ನಿಲ್ಲುತ್ತಿತ್ತು. ರಟ್ಟಿನ ಡಬ್ಬದೊಳಗೆ ಜಿರಲೆ ಓಡಾಡಿದ ಹಾಗೆ. ಯುಗಾದಿ ಬೋನಸ್‌ನಲ್ಲಿ ಹದಿನಾಲ್ಕು ಸಾವಿರ ಕೊಟ್ಟು ತಂದ ಹೆಡ್‌ಫೋನ್ ಅದು, ಸೆನ್‌ಹೈಸರ್ ಎಚ್‌ಡಿ 560ಎಸ್. ಮೊದಲ ರಾತ್ರಿಯೇ ಹೀಗಾದರೆ ಹೊಟ್ಟೆ ಉರಿಯೋದಿಲ್ವಾ?

ಅಲ್ಲಿಂದ ಶುರುವಾಗಿದ್ದು ಸುಮಾರು ಒಂದೂವರೆ ತಿಂಗಳು ಎಳೆಯಿತು. ಎರಡು ಸಲ ಬೆಂಗಳೂರಿಗೆ ಹೋಗಿ ಬಂದೆ. ಮನೆಯ ಅರ್ಥಿಂಗ್ ಗುಂಡಿ ಅಗೆಸಿದೆ. ಈಗ ಎಲ್ಲ ಸರಿಯಾಗಿದೆ. ಹೊಸ ಹೆಡ್‌ಫೋನ್ ತಂದು ನನ್ನ ಹಾಗೆ ತಲೆ ಕೆಡಿಸಿಕೊಂಡವರು ಇದ್ದರೆ ಓದಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನನ್ನ ಸರಂಜಾಮು ಹೇಳಿಬಿಡುತ್ತೇನೆ. ಮನೆ ಮೈಸೂರಿನಲ್ಲಿ, ತಾತ ಕಟ್ಟಿಸಿದ ಹಳೇ ಮನೆ. ಕಂಪ್ಯೂಟರ್ ನಾಲ್ಕು ವರ್ಷದ್ದು, ಮೈಕ್ರೋ ಎಟಿಎಕ್ಸ್ ಅನ್ನುವ ಚಿಕ್ಕ ಅಳತೆಯ ಮದರ್‌ಬೋರ್ಡ್, ದಪ್ಪ ಗ್ರಾಫಿಕ್ಸ್ ಕಾರ್ಡ್. ರಾತ್ರಿ ಒಂಬತ್ತೂವರೆ ಮೇಲೆ ನಾಲ್ಕು ಜನ ಗೆಳೆಯರ ಜೊತೆ ವ್ಯಾಲರಂಟ್ ಅನ್ನುವ ಗುಂಡು ಹಾರಿಸುವ ಆಟ ಆಡುತ್ತೇನೆ. ಆ ಆಟದಲ್ಲಿ ಕಣ್ಣಿನಷ್ಟೇ ಕಿವಿಯೂ ಮುಖ್ಯ. ಗೋಡೆಯ ಆಚೆ ಯಾರೋ ಓಡಿದರೆ ಹೆಜ್ಜೆ ಸದ್ದು ಎಡದಿಂದ ಬಂತೋ ಹಿಂದಿನಿಂದ ಬಂತೋ ಗೊತ್ತಾಗಬೇಕು. ಅದಕ್ಕೇ ಈ ಹೆಡ್‌ಫೋನ್. ಇದು ಹಿಂಬದಿ ತೆರೆದಿರುವ ಜಾತಿಯದು, ದಿಕ್ಕು ಚೆನ್ನಾಗಿ ತಿಳಿಯುತ್ತದೆ. ಆದರೆ ಹೊರಗಿನ ಸದ್ದೂ ಒಳಗೆ ಬರುತ್ತದೆ. ಅಮ್ಮ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಆ ಸುತ್ತು ಸೋತ ಹಾಗೆಯೇ. ಮಿಕ್ಸಿ, ಕುಕ್ಕರ್ ಸೀಟಿ ಇರುವ ಮನೆಯವರು ಇದನ್ನು ಕೊಳ್ಳುವ ಮುಂಚೆ ಒಮ್ಮೆ ಯೋಚಿಸಿ.

ಇದರಲ್ಲಿ ಮೈಕ್ ಇಲ್ಲ. ಅದಕ್ಕೆ ಒಂಬೈನೂರಕ್ಕೆ ಒಂದು ಕಾಲರ್ ಮೈಕ್ ತಂದೆ. ಕ್ಯಾಬಿನೆಟ್ಟಿನ ಹಿಂದೆ ಗುಲಾಬಿ ಬಣ್ಣದ ತೂತಿಗೆ ಚುಚ್ಚಿದರೆ ಸದ್ದೇ ಇಲ್ಲ. ಒಂದು ಸಂಜೆ ಪೂರ್ತಿ ಸೆಟ್ಟಿಂಗ್ಸ್ ಹುಡುಕಿದೆ. ಕೊನೆಗೆ ಪಿನ್ನನ್ನೇ ಕಣ್ಣ ಹತ್ತಿರ ಹಿಡಿದು ನೋಡಿದೆ. ಮೂರು ಕಪ್ಪು ಗೆರೆ! ಅಂದರೆ ಮೊಬೈಲಿಗಾಗಿ ಮಾಡಿದ ನಾಲ್ಕು ಭಾಗದ ಪಿನ್. ಕಂಪ್ಯೂಟರಿನ ಗುಲಾಬಿ ತೂತಿಗೆ ಎರಡು ಗೆರೆಯ ಪಿನ್ನೇ ಬೇಕು. ನೂರೈವತ್ತು ರೂಪಾಯಿಯ ಸ್ಪ್ಲಿಟರ್ ತಂದು ನಡುವೆ ಹಾಕಿದ ಮೇಲೆ ಮೈಕ್ ಮಾತಾಡಿತು. ಮಾತಾಡಿತು ಅಂದೆನಲ್ಲ, ಗುನುಗಿತು ಕೂಡ. "ಲೋ, ನಿನ್ನ ಕಡೆಯಿಂದ ಜೇನುಗೂಡಿನ ಥರ ಗುಂಯ್ ಅಂತಿದೆ ಕಣೋ" ಅಂತ ಗೆಳೆಯರು ಬೈಯಲು ಶುರು ಮಾಡಿದರು.

ಹೀಗೆ ಮೂರು ದೂರು ಸೇರಿಕೊಂಡವು. ಕಿವಿಯಲ್ಲಿ ಜಿರ್ರ್. ಮೈಕಿನಲ್ಲಿ ಗುಂಯ್. ಮೂರನೆಯದು, ಆಟದ ಸದ್ದು ಬಹಳ ಕಡಿಮೆ. ವಾಲ್ಯೂಮ್ ನೂರಕ್ಕೆ ಇಟ್ಟರೂ ಸಾಲದು. ಯಾರನ್ನು ಕೇಳಿದರೂ ಒಂದೇ ಮಾತು: "ಮದರ್‌ಬೋರ್ಡ್ ಸೌಂಡ್‌ಗೆ ತಾಕತ್ತಿಲ್ಲ, ಕಾರ್ಡ್ ಹಾಕಿಸು." ಕಾರ್ಡ್ ಅಂದರೆ ಸೌಂಡ್ ಕಾರ್ಡ್, ಸದ್ದಿನ ಕೆಲಸಕ್ಕೆಂದೇ ಇರುವ ಬೇರೆ ಬಿಲ್ಲೆ. ನನಗೂ ಅದೇ ಸರಿ ಅನ್ನಿಸಿತು. ಒಂದು ಕಾರ್ಡ್, ಮೂರೂ ರೋಗ ವಾಸಿ.

ಅದಕ್ಕೆ ನನ್ನ ಚಿಕ್ಕಂದಿನ ನೆನಪೂ ಕಾರಣ. ಮಾವನ ಕಂಪ್ಯೂಟರಿನಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡ್ ಇತ್ತು. ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ಶುರು ಮಾಡಿದ ಹೆಸರು ಅದು. ಆಗೆಲ್ಲ ಕಾರ್ಡ್ ಇದ್ದರೇ ಆಟಕ್ಕೆ ಸದ್ದು. ಆಮೇಲೆ ಬಂದ ಕಾರ್ಡುಗಳು ಗುಹೆಯಲ್ಲಿ ಗುಹೆಯ ಹಾಗೆ, ಬಯಲಿನಲ್ಲಿ ಬಯಲಿನ ಹಾಗೆ ಕೇಳಿಸುವ ಕೆಲಸವನ್ನೂ ತಾವೇ ಮಾಡುತ್ತಿದ್ದವು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಆ ದಾರಿ ಮುಚ್ಚಿತು. ಈಗ ದಿಕ್ಕಿನ ಲೆಕ್ಕವನ್ನೆಲ್ಲ ಆಟವೇ ಪ್ರೊಸೆಸರ್‌ನಲ್ಲಿ ಮಾಡಿಕೊಳ್ಳುತ್ತದೆ. ಕಾರ್ಡಿನ ಕೆಲಸ ಆ ಲೆಕ್ಕವನ್ನು ಕೆಡಿಸದೆ ಕಿವಿಗೆ ತಲುಪಿಸುವುದು, ಅಷ್ಟೆ. ಇದು ಗೊತ್ತಾದದ್ದು ದುಡ್ಡು ಕೊಟ್ಟು ಬಂದ ಮೇಲೆ.

ಒಂದು ಶನಿವಾರ ಬೆಳಗಿನ ರೈಲು ಹತ್ತಿದೆ. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ, ಅಲ್ಲಿಂದ ಎಸ್.ಪಿ. ರಸ್ತೆಗೆ ನಡೆದೆ. (ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿ ಮುಚ್ಚಿರುತ್ತವೆ.) ಆ ರಸ್ತೆ ಕಂಡವರಿಗೆ ಗೊತ್ತು, ಒಂದು ಬಾಗಿಲಿನಲ್ಲಿ ರ‍್ಯಾಮ್, ಪಕ್ಕದ್ದರಲ್ಲಿ ವೈರ್, ಮೇಲೆ ಮಹಡಿಯಲ್ಲಿ ಮಾನಿಟರ್. ಆದರೆ ಸೌಂಡ್ ಕಾರ್ಡ್ ಅಂತ ಕೇಳಿದರೆ ಮುಖ ನೋಡುತ್ತಾರೆ. ಐದನೇ ಅಂಗಡಿಯವನು "ಯಾರು ಕೇಳ್ತಾರೆ ಸಾರ್ ಈಗ ಅದನ್ನ" ಅನ್ನುತ್ತಾ ಅಟ್ಟದಿಂದ ಒಂದು ಡಬ್ಬ ಇಳಿಸಿದ. ಒಳಗೆ ಕೂರಿಸುವ ಕಾರ್ಡ್. 8,200 ರೂಪಾಯಿ, ಬಿಲ್ ಸಮೇತ. ಚೌಕಾಸಿಗೆ ಬಗ್ಗಲಿಲ್ಲ. ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದೆ.

ಮನೆಗೆ ಬಂದು ಊಟದ ಟೇಬಲ್ ಮೇಲೆ ಕ್ಯಾಬಿನೆಟ್ ಬಿಚ್ಚಿದೆ. ಈ ಕಾರ್ಡಿಗೆ ಪುಟ್ಟ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್, ಅಂದರೆ ಬೋರ್ಡಿನ ಮೇಲೆ ಕಾರ್ಡ್ ಕೂರಿಸುವ ಸಂದು ಬೇಕು. ನನ್ನ ಬೋರ್ಡಿನಲ್ಲಿ ಅದು ಇದೆ ಅಂತ ಪುಸ್ತಕದಲ್ಲಿ ನೋಡಿಕೊಂಡೇ ಹೋಗಿದ್ದೆ. ಇದ್ದದ್ದು ನಿಜ. ಆದರೆ ಎಲ್ಲಿ? ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆಯ ಕೆಳಗೆ! ಎರಡೂವರೆ ಸ್ಲಾಟ್ ದಪ್ಪದ ಅದರ ಫ್ಯಾನು ಸರಿಯಾಗಿ ಆ ಸ್ಲಾಟಿನ ಮೇಲೆಯೇ ಕೂತಿದೆ. ಬೆರಳೂ ತೂರುವುದಿಲ್ಲ, ಕಾರ್ಡ್ ಎಲ್ಲಿಂದ ತೂರಬೇಕು. ಟಾರ್ಚ್ ಬಿಟ್ಟು, ಕತ್ತು ಓರೆ ಮಾಡಿ, ಇನ್ನೊಂದು ಕಡೆಯಿಂದ ಬಗ್ಗಿ ನೋಡಿದೆ. ಸ್ಲಾಟೇನು ಜಾಗ ಬದಲಿಸುತ್ತದಾ? ಅಮ್ಮ ಪಲ್ಯದ ಪಾತ್ರೆ ಹಿಡಿದು ನಿಂತಿದ್ದರು. "ಮುಗೀತಾ? ಟೇಬಲ್ ಬೇಕು" ಅಂದರು. ಮುಗಿದಿತ್ತು.

ಒಳಗಿನ ಕಾರ್ಡ್ ತರುವವರು ದಯವಿಟ್ಟು ಮೊದಲು ಪಕ್ಕದ ಬಾಗಿಲು ತೆಗೆದು ಕಣ್ಣಾರೆ ನೋಡಿ. ಪುಸ್ತಕ ನಂಬಬೇಡಿ. ಸ್ಲಾಟ್ ಇರುವುದು ಬೇರೆ, ಅದು ಖಾಲಿಯಾಗಿ ಕೈಗೆ ಸಿಗುವುದು ಬೇರೆ. ಚಿಕ್ಕ ಬೋರ್ಡ್, ದಪ್ಪ ಗ್ರಾಫಿಕ್ಸ್ ಕಾರ್ಡ್ ಇದ್ದರೆ ನನ್ನ ಗತಿಯೇ ಆಗುವ ಸಾಧ್ಯತೆ ಜಾಸ್ತಿ.

ಮುಂದಿನ ಶನಿವಾರ ಮತ್ತೆ ಬೆಂಗಳೂರು. ಅಂಗಡಿಯವನು ಡಬ್ಬದ ಸೀಲ್ ನೋಡಿದ, ನನ್ನನ್ನು ನೋಡಿದ. ದುಡ್ಡು ವಾಪಸ್ ಇಲ್ಲ, ಬೇಕಾದರೆ 6,700ಕ್ಕೆ ಬೇರೆ ಏನಾದರೂ ತಗೊಳ್ಳಿ ಅಂದ. ಸೀಲ್ ಒಡೆದದ್ದು ನಾನೇ, ಜಗಳಕ್ಕೆ ಮುಖ ಇರಲಿಲ್ಲ. ಆ 6,700 ನನ್ನ ಹೆಸರಿಗೆ ಜಮಾ ಅಂತ ಅವನ ಬಿಲ್ ಪುಸ್ತಕದಲ್ಲಿ ಬರೆಸಿಕೊಂಡು ಬಂದೆ. 1,500 ಅಲ್ಲೇ ಹೋಯಿತು. ಎರಡು ಸಲದ ಓಡಾಟ, ಊಟ ಎಲ್ಲ ಸೇರಿ ಇನ್ನೊಂದು 1,100.

ವಾಪಸ್ ಬರುವಾಗ ರಾಮನಗರ ದಾಟುತ್ತಿದ್ದ ಹಾಗೆ ಒಂದು ಯೋಚನೆ ಬಂತು. ಈ ಮೂರು ದೂರಿಗೂ ಕಾರಣ ಒಂದೇ ಅಂತ ಹೇಳಿದ್ದು ಯಾರು? ಯಾರೂ ಹೇಳಿರಲಿಲ್ಲ. ನಾನೇ ಅಂದುಕೊಂಡಿದ್ದೆ. ಮನೆಗೆ ಹೋಗಿ ಒಂದೊಂದನ್ನೇ ಬೇರೆ ಬೇರೆಯಾಗಿ ಹಿಡಿದೆ.

ಮೊದಲು ಜಿರ್ರ್. ಹೆಡ್‌ಫೋನನ್ನು ಚಾರ್ಜರ್ ತೆಗೆದ ಲ್ಯಾಪ್‌ಟಾಪಿಗೆ ಹಾಕಿದೆ. ಪೂರ್ತಿ ನಿಶ್ಶಬ್ದ. ಸರಿ, ಹೆಡ್‌ಫೋನ್ ತಪ್ಪಿಲ್ಲ. ಇಲ್ಲಿಯವರೆಗೆ ಅದನ್ನು ಕ್ಯಾಬಿನೆಟ್ಟಿನ ಮುಂದಿನ ತೂತಿಗೆ ಹಾಕುತ್ತಿದ್ದೆ, ಬಗ್ಗುವ ಸೋಮಾರಿತನ. ಆ ತೂತಿನಿಂದ ಮದರ್‌ಬೋರ್ಡಿಗೆ ಒಂದು ಸಪೂರ ವೈರ್ ಹೋಗುತ್ತದೆ, ಗ್ರಾಫಿಕ್ಸ್ ಕಾರ್ಡಿನ ಮಗ್ಗುಲಲ್ಲೇ ಹಾದು. ದಾರಿಯಲ್ಲಿ ಸಿಕ್ಕ ಕಸವನ್ನೆಲ್ಲ ಹೊತ್ತು ತರುತ್ತದೆ. ಹಿಂದಿನ ಹಸಿರು ತೂತಿಗೆ ಬದಲಿಸಿದೆ. ಮೌಸಿನ ಜಿರ್ರ್ ಮಾಯ! ಆಟದ ಮೆನುವಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಜೋರಾಗಿ ದುಡಿಯುವಾಗ ಮಾತ್ರ ಸೊಳ್ಳೆಯಂಥ 'ಕೀಂ' ಉಳಿಯಿತು. ಕಾಸಿಲ್ಲದ ಈ ಪರೀಕ್ಷೆಯನ್ನು ಮೊದಲ ರಾತ್ರಿಯೇ ಮಾಡಬಹುದಿತ್ತು.

ಎರಡನೆಯದು ಕಡಿಮೆ ಸದ್ದು. ಇದರಲ್ಲಿ ನನಗೆ ಬಹಳ ನಾಚಿಕೆಯಾಯಿತು. ಒಬ್ಬನೇ ಆಡುವಾಗ ಸದ್ದು ಸರಿಯಾಗಿಯೇ ಇದೆ. ಗೆಳೆಯರ ಜೊತೆ ಡಿಸ್ಕಾರ್ಡ್ (ಆಡುತ್ತಾ ಮಾತಾಡುವ ಆ್ಯಪ್) ಕರೆಗೆ ಸೇರಿದ ಕೂಡಲೇ ಕುಸಿಯುತ್ತದೆ. ವಿಂಡೋಸಿನ ಹಳೇ ಸೌಂಡ್ ಕಿಟಕಿಯಲ್ಲಿ 'ಕಮ್ಯುನಿಕೇಶನ್ಸ್' ಅಂತ ಒಂದು ಟ್ಯಾಬ್ ಇದೆ. ಕರೆ ನಡೆಯುತ್ತಿದ್ದರೆ ಉಳಿದ ಸದ್ದನ್ನೆಲ್ಲ ಶೇಕಡಾ 80 ತಗ್ಗಿಸು ಅಂತ ಅಲ್ಲಿ ಮೊದಲೇ ಗುರುತು ಹಾಕಿರುತ್ತಾರೆ. ಅದನ್ನು 'ಡು ನಥಿಂಗ್' ಮಾಡಿದೆ. ಡಿಸ್ಕಾರ್ಡಿನಲ್ಲೂ ಇಂಥದೇ ಒಂದು ಜಾರುಗುಂಡಿ (ಸ್ಲೈಡರ್) ಇದೆ, ಅದನ್ನೂ ಸೊನ್ನೆಗೆ ತಂದೆ. ಅಷ್ಟೇ. 8,200 ರೂಪಾಯಿಯ ಕಾರ್ಡ್ ಹಾಕಿದ್ದರೂ ಈ ಗುರುತು ಹಾಗೆಯೇ ಇರುತ್ತಿತ್ತು.

ಮೂರನೆಯದು ಮೈಕಿನ ಗುಂಯ್. ಇದೇ ನಿಜವಾದ ಕಾಟ. ಗೆಳೆಯನೊಬ್ಬ ಕೇಳುತ್ತಿರುವಾಗ ಒಂದೊಂದೇ ವೈರ್ ಮುಟ್ಟುತ್ತಾ ಹೋದೆ. ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂ ಮೇಲೆ ಬೆರಳಿಟ್ಟೆ. "ನಿಂತೋಯ್ತು!" ಅಂದ. ತೆಗೆದೆ. "ಮತ್ತೆ ಬಂತು." ಬರಿಗಾಲು ನೆಲದ ಮೇಲಿತ್ತು, ಬೆರಳಿನಲ್ಲಿ ಇರುವೆ ಹರಿದ ಹಾಗೆ ಜುಮ್ ಅನ್ನುತ್ತಿತ್ತು. ಆ ಜುಮ್ ನನಗೆ ವರ್ಷಗಳಿಂದ ಗೊತ್ತು. ಕಂಪ್ಯೂಟರ್ ಅಂದರೆ ಹಾಗೇ ಇರುತ್ತದೆ ಅಂದುಕೊಂಡಿದ್ದೆ!

ಹಾಗಿರಬಾರದು. ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬ, ಎಸ್‌ಎಂಪಿಎಸ್, ಅದರೊಳಗಿನ ಫಿಲ್ಟರ್ ತನ್ನ ಗದ್ದಲವನ್ನು ಅರ್ಥಿಂಗ್ ವೈರಿಗೆ ಸುರಿಯುವ ಹಾಗೆ ಕಟ್ಟಿರುತ್ತಾರೆ. ಅರ್ಥಿಂಗ್ ಇಲ್ಲದಿದ್ದರೆ ಆ ಗದ್ದಲ ತಗಡಿನ ಮೇಲೆಯೇ ನಿಲ್ಲುತ್ತದೆ. ಮೈಕಿನ ವೈರಿಗೆ ಅಂಟಿಕೊಳ್ಳುತ್ತದೆ. ನಾನು ಮುಟ್ಟಿದಾಗ ನನ್ನ ಮೈಯೇ ಅರ್ಥಿಂಗ್ ಆಗುತ್ತಿತ್ತು. ಟೆಸ್ಟರ್ ತಂದು ಕ್ಯಾಬಿನೆಟ್ಟಿಗೆ ಇಟ್ಟರೆ ಸಣ್ಣಗೆ ಕೆಂಪು ದೀಪ.

ಎಲೆಕ್ಟ್ರಿಷಿಯನ್ ಬರುವುದಕ್ಕೆ ಆರು ದಿನ ಕಾದೆ. ನಾಳೆ ಸಾರ್, ಸಂಜೆ ಸಾರ್, ಮದುವೆ ಮನೆ ಸಾರ್. ಬಂದ ಮೇಲೆ ಮಾತ್ರ ಕೆಲಸ ಚಕಚಕ. ನನ್ನ ಕೋಣೆಯ ಮೂರು ತೂತಿನ ಪ್ಲಗ್ ಬಿಚ್ಚಿ ತೋರಿಸಿದರು. ಮೇಲಿನ ದೊಡ್ಡ ತೂತಿಗೆ ಬರಬೇಕಾದ ಹಸಿರು ವೈರ್ ಕಳಚಿ ಗೋಡೆಯೊಳಗೆ ಸುಮ್ನೆ ಮಲಗಿತ್ತು. ಅದನ್ನು ಕಟ್ಟಿದರೂ ಗುಂಯ್ ಪೂರ್ತಿ ಹೋಗಲಿಲ್ಲ. ಆಮೇಲೆ ಹಿತ್ತಲಿಗೆ ನಡೆದರು. ಅರ್ಥಿಂಗ್ ಗುಂಡಿಯ ಮೇಲಿದ್ದ ಚಪ್ಪಡಿ ಸರಿಸಿದರೆ ಮಣ್ಣು ಬಿರುಕು ಬಿಟ್ಟು ಹಪ್ಪಳದ ಹಾಗೆ ಎದ್ದಿತ್ತು.

"ಎಷ್ಟು ವರ್ಷ ಆಯ್ತಮ್ಮಾ ನೀರು ಹಾಕಿ?" ಅಂತ ಅಮ್ಮನನ್ನು ಕೇಳಿದರು.

"ಇದಕ್ಕೂ ನೀರು ಹಾಕಬೇಕಾ?"

"ಗಿಡಕ್ಕೆ ಹಾಕಲ್ವಾ, ಹಂಗೇ ಇದಕ್ಕೂ."

ಒಣ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ. ಅವರು ಸುತ್ತ ಅಗೆದು ಇದ್ದಿಲು, ಕಲ್ಲುಪ್ಪು ತುಂಬಿ ನಾಲ್ಕು ಬಿಂದಿಗೆ ನೀರು ಹುಯ್ದರು. ಸಾಮಾನು, ಕೂಲಿ ಸೇರಿ ನಾನೂರು ರೂಪಾಯಿ. ಒಳಗೆ ಬಂದು ಸ್ಕ್ರೂ ಮುಟ್ಟಿದೆ. ಜುಮ್ ಇಲ್ಲ. ಆ ರಾತ್ರಿ ಗೆಳೆಯರು ನನ್ನ ಮೈಕ್ ಆಫ್ ಆಗಿದೆ ಅಂದುಕೊಂಡರು.

ಇಲ್ಲಿ ಒಂದು ಮಾತು. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ, ಟೇಪ್ ಸುತ್ತುವ ಉಪಾಯ ಹೇಳುವವರಿದ್ದಾರೆ. ಬೇಡವೇ ಬೇಡ. ಒಳಗೆ ಎಲ್ಲಾದರೂ ವೈರ್ ತಗುಲಿದರೆ ಆ ಪಿನ್ನೇ ಜೀವ ಉಳಿಸುವುದು.

ಉಳಿದದ್ದು ಹಿಂದಿನ ತೂತಿನ ಸೊಳ್ಳೆ ಕೀಂ. ಇದಕ್ಕೆ ಮಾತ್ರ ನಿಜವಾಗಿ ಹೊರಗಿನ ಸೌಂಡ್ ಕಾರ್ಡ್ ಬೇಕಿತ್ತು. ಯುಎಸ್‌ಬಿಯಲ್ಲಿ ಹೋಗುವುದು ಬರೀ ಅಂಕಿ, ಅದು ಸದ್ದಾಗುವುದು ಕ್ಯಾಬಿನೆಟ್ಟಿನ ಹೊರಗೆ. ಈ ಸಲ ಅಂಗಡಿಗೆ ಹೋಗುವ ಮುಂಚೆ ಲೆಕ್ಕ ಹಾಕಿದೆ. ನನ್ನ ಹೆಡ್‌ಫೋನ್ 120 ಓಮ್ (ಅದು ಕರೆಂಟಿಗೆ ಒಡ್ಡುವ ತಡೆಯ ಅಳತೆ). 1 ವೋಲ್ಟ್ ಕೊಟ್ಟರೆ 110 ಡೆಸಿಬಲ್ ಬರುತ್ತದೆ ಅಂತ ಕಂಪನಿಯೇ ಬರೆದಿದೆ. 110 ಅಂದರೆ ಕಿವಿ ಹರಿಯುವಷ್ಟು. ಹಾಗಾದರೆ 1 ವೋಲ್ಟ್ ಧಾರಾಳ ಸಾಕು. ಮೊಬೈಲಿಗೆ ಹಾಕುವ ಆ್ಯಪಲ್‌ನ ಪುಟ್ಟ ಟೈಪ್ ಸಿ ಡಾಂಗಲ್ ಅಷ್ಟು ಕೊಡುತ್ತದೆ. ಅದೂ ಒಂದು ಹೊರಗಿನ ಸೌಂಡ್ ಕಾರ್ಡೇ. ಅದರ ಶುದ್ಧ ಸದ್ದಿಗೆ ಒಳ್ಳೇ ಹೆಸರೂ ಇದೆ.

ಮೊದಲು ತಂದದ್ದು ನಕಲಿ. 450 ರೂಪಾಯಿಗೆ ಸಿಕ್ಕಿತಲ್ಲ ಅಂತ ಖುಷಿಪಟ್ಟೆ. ಹಾಕಿದರೆ ಒಗ್ಗರಣೆಯ ಹಾಗೆ ಚುಯ್ ಅನ್ನುತ್ತಿತ್ತು. ಅಸಲಿಯದರ ಬಿಳಿ ವೈರಿನ ಮೇಲೆ ಸಣ್ಣಕ್ಷರದಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಎ2049 ಅಂತ ಇರಬೇಕು. ಯುರೋಪಿಗೆಂದು ಮಾಡಿದ್ದು ಬೇರೆ ಸಂಖ್ಯೆ, ಅದರ ವೋಲ್ಟೇಜ್ ಅರ್ಧ. ಎರಡನೇ ಸಲ ಅಸಲಿಗೆ 1,100 ಕೊಟ್ಟೆ. ನನ್ನ ಕ್ಯಾಬಿನೆಟ್ಟಿನಲ್ಲಿ ಟೈಪ್ ಸಿ ಇಲ್ಲ, ಅದಕ್ಕೆ ನೂರೈವತ್ತರ ಅಡಾಪ್ಟರ್. ಹೆಡ್‌ಫೋನ್ ಪಿನ್ ದಪ್ಪದ್ದು, ಅದಕ್ಕೆ ಡಬ್ಬದಲ್ಲೇ ಬಂದಿದ್ದ ಸಣ್ಣ ಪಿನ್. ಇಷ್ಟುದ್ದದ ರೈಲು ಮಾಡಿ ಚುಚ್ಚಿದೆ. ಕೀಂ ಇಲ್ಲ, ಚುಯ್ ಇಲ್ಲ. ಏನೂ ಇಲ್ಲ!

ಇದನ್ನೇ ಎಲ್ಲರೂ ತಗೊಳ್ಳಿ ಅನ್ನುತ್ತಿಲ್ಲ. ನಮ್ಮ ಗುಂಪಿನ ಇನ್ನೊಬ್ಬನ ಹತ್ತಿರ ಬೇಯರ್‌ಡೈನಮಿಕ್ ಡಿಟಿ 990 ಪ್ರೊ ಇದೆ, 250 ಓಮಿನದು. ಅದೇ 1 ವೋಲ್ಟಿಗೆ ಅದರಲ್ಲಿ 102 ಡೆಸಿಬಲ್ ಬರುತ್ತದೆ, ನನ್ನದಕ್ಕಿಂತ 8 ಕಡಿಮೆ. ನನ್ನ ಡಾಂಗಲ್ ಹಾಕಿ ನೋಡಿ "ಯಾರೋ ದೂರದಲ್ಲಿ ಆಡ್ತಿದ್ದಾರೆ" ಅಂದ. ಅವನು ಸೌಂಡ್ ಬ್ಲಾಸ್ಟರ್‌ಎಕ್ಸ್ ಜಿ6 ಇಟ್ಟುಕೊಂಡಿದ್ದಾನೆ. 600 ಓಮ್ ತನಕ ಓಡಿಸುತ್ತದೆ, ಗೇನ್ (ಸದ್ದಿನ ಬಲ) ಏರಿಸುವ ಸ್ವಿಚ್ ಇದೆ. ಅವನಿಗೆ ಅದೇ ಸರಿ. ನನಗೆ ದಂಡ.

ಇನ್ನು ಟ್ಯೂನಿಂಗ್. ಎರಡು ವಾರ ಇದರಲ್ಲೇ ಹೋಯಿತು. ವಿಂಡೋಸಿನಲ್ಲಿ ಸದ್ದಿನ ಗುಣಮಟ್ಟವನ್ನು 24 ಬಿಟ್, 48,000 ಹರ್ಟ್ಸ್ ಇಟ್ಟೆ. ಅದಕ್ಕಿಂತ ಮೇಲೆ ಹೋಗಿ ನೋಡಿದೆ, ನನ್ನ ಕಿವಿಗೆ ಏನೂ ವ್ಯತ್ಯಾಸ ಇಲ್ಲ.

ದಿಕ್ಕಿನ ವಿಷಯದಲ್ಲಿ ಮಾತ್ರ ದೊಡ್ಡ ತಪ್ಪು ಮಾಡಿದೆ. ಜಾಸ್ತಿ ಇದ್ದರೆ ಒಳ್ಳೆಯದು ಅಂತ ವಿಂಡೋಸ್ ಸೋನಿಕ್ ಹಾಕಿದೆ, ಆಟದೊಳಗೆ ಎಚ್‌ಆರ್‌ಟಿಎಫ್ ಕೂಡ ಹಾಕಿದೆ. ಎರಡೂ ಮಾಡುವುದು ಒಂದೇ ಕೆಲಸ: ತಲೆ, ಕಿವಿಯ ಆಕಾರಕ್ಕೆ ಸದ್ದು ಹೇಗೆ ಬದಲಾಗುತ್ತದೋ ಹಾಗೆ ಬದಲಾಯಿಸಿ ದಿಕ್ಕಿನ ಭ್ರಮೆ ಹುಟ್ಟಿಸುವುದು. ಒಂದರ ಮೇಲೊಂದು ಹಾಕಿದರೆ ಎಲ್ಲ ಬಾವಿಯೊಳಗಿಂದ ಕೂಗಿದ ಹಾಗೆ. ಹಿಂದಿರುವವನು ಮುಂದೆ ಕೇಳುತ್ತಿದ್ದ. ಕಸ್ಟಮ್ ಗೇಮ್ ತೆರೆದು ಗೆಳೆಯನನ್ನು ನನ್ನ ಸುತ್ತ ಓಡಿಸಿದೆ. ನಾನು ಕಣ್ಣು ಮುಚ್ಚಿ "ಎಡ, ಹಿಂದೆ, ಬಲ" ಅನ್ನುವುದು. ಎರಡೂ ಹಾಕಿದಾಗ ಅರ್ಧಕ್ಕರ್ಧ ತಪ್ಪು. ಸೋನಿಕ್ ತೆಗೆದು, ಆಟದಲ್ಲಿ ಸ್ಟೀರಿಯೋ ಮತ್ತು ಎಚ್‌ಆರ್‌ಟಿಎಫ್ ಮಾತ್ರ ಇಟ್ಟಾಗ ಹತ್ತರಲ್ಲಿ ಎಂಟು ಸರಿ. ಹೆಡ್‌ಫೋನ್ ಡಬ್ಬದ ಮೇಲೆ 7.1 (ಸುತ್ತಲಿಂದ ಬರುವ ಸದ್ದು) ಅಂತ ಬರೆದಿದ್ದರೂ ಇದೇ ಕಥೆ, ಎರಡರಲ್ಲಿ ಒಂದನ್ನು ಆರಿಸಿ.

ದಪ್ಪ ಸದ್ದು, ಕೀಚಲು ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸಲು ಈಕ್ವಲೈಜರ್ ಎಪಿಒ ಅಂತ ಬಿಟ್ಟಿ ತಂತ್ರಾಂಶ ಇದೆ. ಅದರ ಮೇಲೆ 'ಪೀಸ್' ಹಾಕಿಕೊಂಡರೆ ಜಾರುಗುಂಡಿಗಳು ಕಣ್ಣಿಗೆ ಕಾಣುತ್ತವೆ. ಹಾಕುವಾಗ ಯಾವ ಸಾಧನಕ್ಕೆ ಅಂತ ಗುರುತು ಮಾಡಿ ಕಂಪ್ಯೂಟರ್ ಮತ್ತೆ ಶುರು ಮಾಡಬೇಕು. ಒಂದು ವಿಡಿಯೋ ನೋಡಿ ಹೆಜ್ಜೆ ಸದ್ದಿಗಾಗಿ 3,000 ಹರ್ಟ್ಸ್ ಸುತ್ತ 8 ಡೆಸಿಬಲ್ ಏರಿಸಿದೆ. ಹೆಜ್ಜೆಯೇನೋ ಕೇಳಿತು. ಗುಂಡು ಹಾರಿದಾಗ ಕಿವಿಗೆ ಸೂಜಿ ಚುಚ್ಚಿದ ಹಾಗೆ. ಎರಡು ರಾತ್ರಿ ಮಲಗಿದ ಮೇಲೂ ಕಿವಿಯಲ್ಲಿ ಸಿಳ್ಳೆ. ಹೆದರಿಕೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್ ಮಿತಿ. 3 ಡೆಸಿಬಲ್ ಏರಿದರೆ ಸಮಯ ಅರ್ಧ. ನಾನು ಎಷ್ಟಕ್ಕೆ ಏರಿಸಿದ್ದೆನೋ ದೇವರೇ ಬಲ್ಲ.

ಏರಿಸುವುದು ಬಿಟ್ಟು ಇಳಿಸಿದೆ. 100ರಿಂದ 200 ಹರ್ಟ್ಸ್ ನಡುವೆ 4 ಡೆಸಿಬಲ್ ಕಡಿಮೆ ಮಾಡಿದೆ. ಬಾಂಬು, ಗುಂಡಿನ ಧಂ ತಗ್ಗಿತು, ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ಹೆಜ್ಜೆ ತಾನಾಗಿ ಮೇಲೆ ಬಂತು. 3,000ದ ಹತ್ತಿರ ಬರೀ 2 ಏರಿಸಿದೆ. ನೀವು ಎಲ್ಲಿ ಎಷ್ಟು ಏರಿಸಿದರೂ 'ಪ್ರೀಆಂಪ್' ಅನ್ನುವ ಒಟ್ಟು ಸದ್ದಿನ ಮಟ್ಟವನ್ನು ಅಷ್ಟೇ ಇಳಿಸಿ, ಇಲ್ಲದಿದ್ದರೆ ಜೋರು ಸದ್ದು ಬಂದಾಗ ಒಡೆದು ಕೇಳುತ್ತದೆ.

ಎಲ್ಲ ಕೂತಿತು ಅನ್ನುವಾಗ ಒಂದು ಸಂಜೆ ಸದ್ದೇ ಇಲ್ಲ. ಎದೆ ಧಸಕ್ ಅಂತು. ನೋಡಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ, ವಿಂಡೋಸ್ ಸದ್ದನ್ನು ಮಾನಿಟರಿಗೆ ಕಳಿಸುತ್ತಿತ್ತು. ಇನ್ನೊಂದು ದಿನ ವಿಂಡೋಸ್ ಅಪ್‌ಡೇಟ್ ಆಗಿ ಈಕ್ವಲೈಜರ್ ಕೆಲಸ ಬಿಟ್ಟಿತ್ತು. ಸಾಧನ ಆರಿಸುವ ಅದರ ಕಿಟಕಿ ತೆರೆದು ಮತ್ತೆ ಗುರುತು ಹಾಕಿದರೆ ಸರಿ.

ಖರ್ಚು ಕೂಡಿಸಿದೆ. ಬೇಕಾಗಿದ್ದಕ್ಕೆ, ಅಂದರೆ ಮೈಕ್, ಸ್ಪ್ಲಿಟರ್, ಅಸಲಿ ಡಾಂಗಲ್, ಅಡಾಪ್ಟರ್, ಎಲೆಕ್ಟ್ರಿಷಿಯನ್ ಸೇರಿ 2,700. ಬೇಡದ್ದಕ್ಕೆ 3,050. ಅಂಗಡಿಯಲ್ಲಿ ಬಿದ್ದಿರುವ 6,700 ಲೆಕ್ಕಕ್ಕೆ ಹಿಡಿದಿಲ್ಲ. ಅದಕ್ಕೆ ಏನು ತರಲಿ ಅಂತ ಗುಂಪಿನಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ.

ಅಮ್ಮ ತುಳಸಿಗೆ ನೀರು ಹಾಕಿ ಬರುವಾಗ ಈಗ ಹಿತ್ತಲಿಗೂ ಒಂದು ಸುತ್ತು ಹೋಗುತ್ತಾರೆ. ಗುಂಡಿಗೆ ವಾರಕ್ಕೆ ಎರಡು ಬಿಂದಿಗೆ, ಮಳೆ ಹಿಡಿಯುವವರೆಗೆ.